ಅವರು ನಿಮಗೆ ಏನಾಗಬೇಕು?

ಕಳೆದ ಬೇಸಿಗೆಯಲ್ಲಿ ಅಕ್ಕನ ಮಗ ವಿಜಯಪುರದಿಂದ ಬಂದು ಪುಣೆಯ ನಮ್ಮ ಮನೆಯಲ್ಲಿ ಎರಡು ತಿಂಗಳು ಇದ್ದ. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಹುದ್ದೆಯ ಪರೀಕ್ಷೆಗೆ ತಯಾರಿ ನಡೆಸಿದ್ದ. ಒಂದು ರಾತ್ರಿ ಆಫೀಸಿನ ಕಾಲ್ ಮುಗಿಸಿ ಹೊರಗಿನ ಕೋಣೆಗೆ ಬಂದರೆ ಅವನು ಲ್ಯಾಪ್‌ಟಾಪಿನಲ್ಲಿ ಮಾದರಿ ಪರೀಕ್ಷೆ ಬಿಡಿಸುತ್ತ ಕೂತಿದ್ದ. ಭಾಷೆ ಕನ್ನಡ ಎಂದು ಆರಿಸಿಕೊಂಡಿದ್ದ. ರಕ್ತಸಂಬಂಧದ ಪ್ರಶ್ನೆ ಬಂದ ಕೂಡಲೇ ಮೇಲಿನ ಗುಂಡಿ ಒತ್ತಿ ಇಂಗ್ಲಿಷಿಗೆ ಹೋದ. ಉತ್ತರ ಗುರುತು ಮಾಡಿ ಮತ್ತೆ ಕನ್ನಡಕ್ಕೆ ಬಂದ. ಯಾಕೆ ಎಂದು ಕೇಳಿದೆ.

“ಮಾಮಾ, ಸಂಬಂಧದ್ದು ಕನ್ನಡದಾಗ ಓದಿದ್ರ ತಲಿ ಕೆಡ್ತದ. ಇಂಗ್ಲಿಷ್‌ನ್ಯಾಗ ಲಗೂ ಆಗ್ತದ,” ಎಂದ.

ಇವನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲೇ ಓದಿದವನು. ಲಾಭ-ನಷ್ಟದ ಲೆಕ್ಕವನ್ನು ಕನ್ನಡದಲ್ಲಿ ಓದುತ್ತಾನೆ. ದುಂಡು ಮೇಜಿನ ಸುತ್ತ ಎಂಟು ಜನ ಕೂರುವ ಒಗಟನ್ನೂ ಕನ್ನಡದಲ್ಲೇ ಓದುತ್ತಾನೆ. ಅಪ್ಪ, ಅವ್ವ, ಅಕ್ಕ, ತಂಗಿಯರ ವಿಷಯ ಬಂದಾಗ ಮಾತ್ರ ಅವನಿಗೆ ಇಂಗ್ಲಿಷ್ ಬೇಕಾಗುತ್ತದೆ. ಇದಕ್ಕಿಂತ ವಿಚಿತ್ರವಾದ ಮಾತನ್ನು ಇತ್ತೀಚೆಗೆ ನಾನು ಕೇಳಿರಲಿಲ್ಲ. ಮರುದಿನ ಅವನ ಪ್ರಶ್ನೆಪತ್ರಿಕೆಗಳನ್ನು ತೆಗೆದುಕೊಂಡು, ಕಥೆ ಓದುವ ಹಾಗೆ ಓದತೊಡಗಿದೆ.

ಸಾಹಿತ್ಯದ ಪತ್ರಿಕೆಯಲ್ಲಿ ಪರೀಕ್ಷೆಯ ಪ್ರಶ್ನೆಗೇನು ಕೆಲಸ ಎನ್ನಬಹುದು. ಕಥೆ, ಕಾದಂಬರಿಯನ್ನು ಮುಟ್ಟದ ಎಷ್ಟೋ ಹುಡುಗ ಹುಡುಗಿಯರು ಕುಟುಂಬದ ಬಗ್ಗೆ ಒಂದೊಂದು ಪದಕ್ಕೂ ಗಮನ ಕೊಟ್ಟು ಓದುವ ಗದ್ಯ ಬಹುಶಃ ಇದೊಂದೇ. ಆರ್. ಎಸ್. ಅಗರ್ವಾಲ್ ಅವರ ರೀಸನಿಂಗ್ ಪುಸ್ತಕದಲ್ಲಿ ಇದಕ್ಕೆಂದೇ ಒಂದು ಅಧ್ಯಾಯವಿದೆ. ಬ್ಯಾಂಕ್, ರೈಲ್ವೆ ಪರೀಕ್ಷೆಗಳಿಂದ ನಮ್ಮ ಸಾಫ್ಟ್‌ವೇರ್ ಕಂಪನಿಗಳ ಕ್ಯಾಂಪಸ್ ಪರೀಕ್ಷೆಗಳವರೆಗೆ ಎಲ್ಲೆಡೆ ಇದರ ಮರಿಗಳಿವೆ. ಇಷ್ಟು ಜನ ಓದುವ ಬರಹಕ್ಕೆ ಒಂದು ವಿಮರ್ಶೆ ಬೇಡವೇ?

ಮೊದಲು ಅದರ ಗುಣವನ್ನು ಒಪ್ಪಿಕೊಳ್ಳುತ್ತೇನೆ. ಇಂಥದೊಂದನ್ನು ನಾನೇ ಕಟ್ಟುತ್ತೇನೆ: ಎ, ಬಿಯ ಸಹೋದರ. ಸಿ, ಎಯ ತಾಯಿ. ಡಿ, ಸಿಯ ತಂದೆ. ಹಾಗಾದರೆ ಬಿ, ಡಿಗೆ ಏನಾಗಬೇಕು? ಅವಸರದವರು ‘ಮೊಮ್ಮಗ’ ಎನ್ನುತ್ತಾರೆ. ಆದರೆ ಬಿ ಗಂಡೋ ಹೆಣ್ಣೋ ಯಾರೂ ಹೇಳಿಲ್ಲ. ಅಣ್ಣತಮ್ಮಂದಿರ ಮಾತು ಬಂದ ಕೂಡಲೇ ಎದುರಿಗಿರುವವನೂ ಗಂಡು ಎಂದು ಊಹಿಸಿದ್ದು ನಾವು. ಸರಿಯಾದ ಉತ್ತರ ‘ನಿರ್ಧರಿಸಲಾಗದು’. ಇದೇ ಜಾತಿಯ ಇನ್ನೊಂದು ಪ್ರಶ್ನೆಯಲ್ಲಿ ಡಾಕ್ಟರು ಟೀಚರನ್ನು ಮದುವೆಯಾಗಿರುತ್ತಾರೆ. ಡಾಕ್ಟರನ್ನು ಗಂಡ ಎಂದುಕೊಂಡವರು ಅಲ್ಲಿ ಬೀಳುತ್ತಾರೆ. ಹೇಳದ್ದನ್ನು ಕೇಳಿಸಿಕೊಳ್ಳಬೇಡ ಎಂಬ ಈ ಪಾಠ ದೊಡ್ಡದು. ನನ್ನ ಕೆಲಸದಲ್ಲಿ ಪ್ರಾಜೆಕ್ಟುಗಳು ಹಳ್ಳ ಹಿಡಿಯುವುದು ಹೆಚ್ಚಾಗಿ ಗ್ರಾಹಕ ಹೇಳದ್ದನ್ನು ನಾವು ಕೇಳಿಸಿಕೊಂಡಾಗಲೇ.

ಇನ್ನು ಭಾವಚಿತ್ರದ ಪ್ರಶ್ನೆಗಳು. ಒಬ್ಬ ಮನುಷ್ಯ ಗೋಡೆಯ ಮೇಲಿನ ಚಿತ್ರಕ್ಕೆ ಬೆರಳು ತೋರಿಸಿ, ‘ಇವನ ತಂದೆ ನನ್ನ ತಂದೆಯ ಒಬ್ಬನೇ ಮಗ’ ಎಂಬಂಥ ಮಾತಾಡುತ್ತಾನೆ. ‘ಇವನು ನನ್ನ ಮಗ’ ಎಂದರೆ ಮುಗಿಯಿತು. ಆದರೆ ಅವನು ಹಾಗೆ ಹೇಳುವುದಿಲ್ಲ. ಸುತ್ತಿ ಬಳಸಿ ಹೇಳುವುದು ನಮಗೆ ಹೊಸದಲ್ಲ. ನಮ್ಮ ಕಡೆಯ ಮದುವೆಗಳಲ್ಲಿ ಹೊಸ ಮದುಮಗಳಿಗೆ ಒಡಪು ಹಾಕಿ ಗಂಡನ ಹೆಸರು ಹೇಳು ಎಂದು ಗಂಟು ಬೀಳುತ್ತಾರೆ. ಇಲ್ಲಿ ಪುಣೆಯಲ್ಲಿ ಅದು ಉಖಾಣೆ. ಅಲ್ಲಿ ಸುತ್ತು ಮಾತಿಗೆ ನಾಚಿಕೆಯ ಕಾರಣವಿದೆ, ಸುತ್ತ ಕೂತು ನಗುವವರಿದ್ದಾರೆ. ಭಾವಚಿತ್ರದ ಮನುಷ್ಯನಿಗೆ ಕಾರಣವೇ ಇಲ್ಲ, ಎದುರಿಗೆ ಕೇಳುವವರೂ ಇಲ್ಲ. ತನ್ನ ಮಗನನ್ನು ಮಗ ಎನ್ನಲು ಅವನಿಗೆ ಏನು ಅಡ್ಡಿ ಎಂಬುದನ್ನು ಪ್ರಶ್ನೆ ಕೇಳಿಕೊಳ್ಳುವುದಿಲ್ಲ. ಇದನ್ನು ದೋಷವೆನ್ನಲಾರೆ. ಇವರು ಪಾತ್ರಗಳಲ್ಲ, ಗಂಟುಗಳು, ಅಷ್ಟೇ.

ನಿಜವಾದ ದೋಷ ಕಾಣಿಸುವುದು ಇದು ಕನ್ನಡಕ್ಕೆ ಬಂದಾಗ. 2019ರಲ್ಲಿ ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಇಂಗ್ಲಿಷ್, ಹಿಂದಿಯ ಜೊತೆಗೆ ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಹಣಕಾಸು ಸಚಿವರು ಪ್ರಕಟಿಸಿದರು. ಬಹುದಿನದ ಬೇಡಿಕೆ ಅದು. ಆ ದಿನ ನನಗೂ ಖುಷಿಯಾಗಿತ್ತು. ಅದರ ಬೆನ್ನಿಗೇ ಕನ್ನಡ ಮಾದರಿ ಪರೀಕ್ಷೆಗಳ ಮಾರುಕಟ್ಟೆಯೂ ಹುಟ್ಟಿತು. ನನ್ನ ಅಳಿಯ ಬಿಡಿಸುತ್ತಿದ್ದದ್ದು ಅಂಥ ಒಂದು ತರಬೇತಿ ಸಂಸ್ಥೆಯ ಸರಕು.

ಅದರಲ್ಲಿ ಎಲ್ಲೆಲ್ಲೂ ‘ಸಹೋದರ’. ಈ ಪದವನ್ನು ನಾವು ವೇದಿಕೆಯ ಭಾಷಣದಲ್ಲಿ ಕೇಳುತ್ತೇವೆ, ಮನೆಯಲ್ಲಲ್ಲ. ಮನೆಯಲ್ಲಿರುವುದು ಅಣ್ಣ ಅಥವಾ ತಮ್ಮ. ಇಂಗ್ಲಿಷಿನವನಿಗೆ ದೊಡ್ಡವನೋ ಚಿಕ್ಕವನೋ ಎಂಬುದು ಬೇಕಿದ್ದರೆ ಸೇರಿಸುವ ವಿವರ. ಕನ್ನಡದಲ್ಲಿ ಅದನ್ನು ಹೇಳದೆ ಬಾಯಿ ತೆರೆಯುವಂತೆಯೇ ಇಲ್ಲ. ಹಾಗಾಗಿ ಅನುವಾದಕ ಎರಡನ್ನೂ ಬಿಟ್ಟು ಸಂಸ್ಕೃತದ ಮೊರೆ ಹೋದ. ವಯಸ್ಸು ಹೇಳದೆ ಮಾತಾಡಲೇಬೇಕಿದ್ದರೆ ನಮ್ಮಲ್ಲಿ ‘ಒಡಹುಟ್ಟಿದವರು’ ಎಂಬ ಒಳ್ಳೆಯ ಪದವಿದೆ. ಅದು ಗಂಡು ಹೆಣ್ಣೆಂಬುದನ್ನೂ ಬಚ್ಚಿಡುತ್ತದೆ. ಒಗಟಿಗೆ ಇದಕ್ಕಿಂತ ಒಳ್ಳೆಯ ಪದ ಇನ್ನೇನು ಬೇಕು? ಅನುವಾದಕನಿಗೆ ಅದು ನೆನಪಾಗಲಿಲ್ಲ.

ಒಂದು ಪ್ರಶ್ನೆಯಲ್ಲಿ ಉತ್ತರವೇ ‘ಅಂಕಲ್’. ಕನ್ನಡದ ಮಕ್ಕಳು ಅಂಕಲ್ ಎನ್ನುವುದು ಪಕ್ಕದ ಮನೆಯವರಿಗೆ, ಸ್ಕೂಲ್ ವ್ಯಾನಿನ ಡ್ರೈವರಿಗೆ. ರಕ್ತಸಂಬಂಧ ಇಲ್ಲದವರನ್ನು ಕರೆಯಲು ನಾವು ಸಾಲ ತಂದ ಪದವನ್ನು ಇಲ್ಲಿ ರಕ್ತಸಂಬಂಧದ ಉತ್ತರವಾಗಿ ಕೂರಿಸಿದ್ದಾರೆ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಗಂಭೀರ. ಎಂ ಎಂಬವನು ಎನ್‌ನ ತಾಯಿಯ ಸಹೋದರ. ಎಂ, ಎನ್‌ಗೆ ಏನಾಗಬೇಕು? ಆಯ್ಕೆಗಳು ತಂದೆ, ಅಜ್ಜ, ಚಿಕ್ಕಪ್ಪ, ಸೋದರಳಿಯ. ಸರಿಯುತ್ತರ ಚಿಕ್ಕಪ್ಪ! ಸೋದರಮಾವ ಪಟ್ಟಿಯಲ್ಲೇ ಇಲ್ಲ. ಇದನ್ನು ಸಣ್ಣ ತಪ್ಪು ಎನ್ನುವವರು ಮನೆಗೆ ಹೋಗಿ ಅಜ್ಜಿಯನ್ನು ಕೇಳಲಿ. ಚಿಕ್ಕಪ್ಪನ ಮಗಳು ತಂಗಿ. ಸೋದರಮಾವನ ಮಗಳು ನಮ್ಮ ರೂಢಿಯಲ್ಲಿ ಮದುವೆಗೆ ಕೇಳಬಹುದಾದ ಹುಡುಗಿ. ಮಾವನನ್ನು ಚಿಕ್ಕಪ್ಪ ಎಂದರೆ, ಒಂದೇ ಪದದಲ್ಲಿ ಆ ಹುಡುಗಿಯನ್ನು ತಂಗಿ ಮಾಡಿದಂತೆ. ಇಂಗ್ಲಿಷಿನ ಆ ಒಂದು ಪದದಲ್ಲಿ ನಮ್ಮ ದೊಡ್ಡಪ್ಪ, ಚಿಕ್ಕಪ್ಪ, ಮಾವ ಮೂವರೂ ಒಂದೇ ಹಾಸಿಗೆಯಲ್ಲಿ ಮಲಗಿದ್ದಾರೆ. ಅದು ಆ ಭಾಷೆಯ ಸಂಗತಿ, ನನಗೆ ತಕರಾರಿಲ್ಲ. ಕನ್ನಡಕ್ಕೆ ತರುವವನು ಅವರನ್ನು ಎಬ್ಬಿಸಿ ಅವರವರ ಜಾಗಕ್ಕೆ ಕಳಿಸಬೇಕಿತ್ತು.

ಅಳಿಯನ ಮಾತು ಆಗ ಅರ್ಥವಾಯಿತು. ಕನ್ನಡದಲ್ಲಿ ಓದುವಾಗ ಅವನು ಎರಡು ಕೆಲಸ ಮಾಡಬೇಕು. ಮೊದಲು ಆ ಕನ್ನಡ ಯಾವ ಇಂಗ್ಲಿಷಿನಿಂದ ಬಂದಿರಬಹುದು ಎಂದು ಊಹಿಸಬೇಕು, ಆಮೇಲೆ ಒಗಟು ಬಿಡಿಸಬೇಕು. ಪೂರ್ವಭಾವಿ ಪರೀಕ್ಷೆಯಲ್ಲಿ 45 ನಿಮಿಷಕ್ಕೆ 80 ಪ್ರಶ್ನೆ. ಒಂದಕ್ಕೆ 34 ಸೆಕೆಂಡೂ ಸಿಗದು. ತಪ್ಪಿದರೆ ಕಾಲು ಅಂಕ ಕಳೆಯುತ್ತಾರೆ. ಮಾವನಿಗೂ ಚಿಕ್ಕಪ್ಪನಿಗೂ ವ್ಯತ್ಯಾಸ ಚೆನ್ನಾಗಿ ಗೊತ್ತಿರುವ ಹುಡುಗನೇ ಇಲ್ಲಿ ತಡವರಿಸುತ್ತಾನೆ. ಗೊತ್ತಿಲ್ಲದವನು ಸಲೀಸಾಗಿ ಮುಂದೆ ಹೋಗುತ್ತಾನೆ. ತಾರ್ಕಿಕ ಸಾಮರ್ಥ್ಯ ಅಳೆಯುವ ಪರೀಕ್ಷೆ ಹೀಗೆ ಭಾಷೆ ಬಲ್ಲವನಿಗೆ ದಂಡ ಹಾಕುತ್ತದೆ.

ಇಂಗ್ಲಿಷಿನ ಈ ಬಡತನವೇ ಅಲ್ಲಿ ಒಗಟಿನ ಬಂಡವಾಳ. ಇದಕ್ಕೆ ಒಳ್ಳೆಯ ಉದಾಹರಣೆ ‘ಆಲಿಸ್’ ಬರೆದ ಲೂಯಿಸ್ ಕ್ಯಾರೊಲ್‌ನದು. ಆಕ್ಸ್‌ಫರ್ಡಿನಲ್ಲಿ ಗಣಿತ ಕಲಿಸುತ್ತಿದ್ದ ಈತನ ‘ಎ ಟ್ಯಾಂಗಲ್ಡ್ ಟೇಲ್’ ಎಂಬ ಒಗಟುಗಳ ಪುಸ್ತಕ 1885ರಲ್ಲಿ ಬಂತು. ಅದರಲ್ಲೊಬ್ಬ ಗವರ್ನರ್ ತೀರಾ ಚಿಕ್ಕ ಔತಣ ಕೊಡಬೇಕೆಂದು ನಾಲ್ವರನ್ನು ಕರೆಯುತ್ತಾನೆ: ತನ್ನ ತಂದೆಯ ಭಾವಮೈದುನ, ತನ್ನ ಒಡಹುಟ್ಟಿದವನ ಹೆಣ್ಣುಕೊಟ್ಟ ಮಾವ, ತನ್ನ ಹೆಣ್ಣುಕೊಟ್ಟ ಮಾವನ ಒಡಹುಟ್ಟಿದವನು, ತನ್ನ ಭಾವಮೈದುನನ ತಂದೆ. ಅತಿಥಿಗಳು ಕನಿಷ್ಠ ಎಷ್ಟು ಜನ ಇರಬಹುದು? ಉತ್ತರ: ಒಬ್ಬನೇ.

ಇಂಗ್ಲಿಷ್ ಓದುಗ ಇದಕ್ಕೆ ಕಾಗದ ಪೆನ್ನು ತೆಗೆದುಕೊಂಡು ಬೆವರಬೇಕು. ನಾನು ಬಿಡಿಸಿದ್ದು ಹೀಗೆ. ಗವರ್ನರನ ತಾಯಿಗೆ ಇಬ್ಬರು ಅಣ್ಣಂದಿರು. ದೊಡ್ಡವನ ಮಗಳನ್ನು ಗವರ್ನರನ ತಮ್ಮನಿಗೆ ತಂದರು. ಚಿಕ್ಕವನ ಮಗಳನ್ನು ಗವರ್ನರನಿಗೇ ತಂದರು. ಗವರ್ನರನ ತಂಗಿಯನ್ನು ದೊಡ್ಡವನ ಮಗನಿಗೆ ಕೊಟ್ಟರು. ಈಗ ತಾಯಿಯ ಆ ದೊಡ್ಡ ಅಣ್ಣನನ್ನು ನೋಡಿ, ನಾಲ್ಕೂ ವಿವರಣೆ ಅವನಿಗೇ ಹೊಂದುತ್ತವೆ. ವಿಜಯಪುರ ಜಿಲ್ಲೆಯ ಯಾವ ಊರಿಗೆ ಹೋದರೂ ಹೀಗೆ ಕೊಟ್ಟು ತಂದ ಮನೆ ಸಿಕ್ಕೀತು. ತಮಾಷೆಯೆಂದರೆ, ಆ ನಾಲ್ಕು ವಿವರಣೆಯಲ್ಲಿ ಯಾವುದನ್ನು ತೆಗೆದುಕೊಂಡರೂ ಕನ್ನಡದ ಗವರ್ನರ್ ಆತನನ್ನು ಕರೆಯುವುದು ‘ಮಾವ’ ಎಂದೇ. ತಾಯಿಯ ಅಣ್ಣ ಮಾವ, ತಮ್ಮನಿಗೆ ಹೆಣ್ಣು ಕೊಟ್ಟವನು ಮಾವ, ಮಾವನ ಅಣ್ಣನೂ ಮಾವ, ತಂಗಿಯ ಗಂಡನ ಅಪ್ಪನೂ ಮಾವ. ಕ್ಯಾರೊಲ್ ಅಷ್ಟು ಕಷ್ಟಪಟ್ಟು ಹೆಣೆದ ಒಗಟು ಕನ್ನಡದಲ್ಲಿ ಒಂದು ಸಾಲಿಗೆ ಇಳಿಯುತ್ತದೆ: ಗವರ್ನರ್ ಮಾವನನ್ನು ಊಟಕ್ಕೆ ಕರೆದ.

ಇದು ಕಾಕತಾಳೀಯವಲ್ಲ. ಇದೇ ಪುಣೆಯ ಡೆಕ್ಕನ್ ಕಾಲೇಜಿನಲ್ಲಿದ್ದ ಇರಾವತಿ ಕರ್ವೆ ಭಾರತದ ನಂಟಸ್ತಿಕೆಯ ವ್ಯವಸ್ಥೆಗಳ ಬಗ್ಗೆ 1953ರಲ್ಲಿ ಬರೆದ ಪುಸ್ತಕದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಇರುವ ಭೇದವನ್ನು ಬಿಡಿಸಿ ತೋರಿಸಿದರು. ಉತ್ತರದಲ್ಲಿ ಹೆಣ್ಣು ಅಪರಿಚಿತರ ಮನೆಗೆ ಹೋಗುತ್ತಾಳೆ. ಅಲ್ಲಿ ಹುಟ್ಟಿನ ನಂಟರು ಬೇರೆ, ಮದುವೆಯ ನಂಟರು ಬೇರೆ. ದಕ್ಷಿಣದಲ್ಲಿ ಮದುವೆ ಇರುವ ನಂಟನ್ನೇ ಮತ್ತೆ ಬಿಗಿಯುತ್ತದೆ. ಆದ್ದರಿಂದಲೇ ನಮ್ಮ ‘ಅತ್ತೆ’ ಅಪ್ಪನ ಅಕ್ಕನೂ ಹೌದು, ಮಾವನ ಹೆಂಡತಿಯೂ ಹೌದು, ಗಂಡನ ತಾಯಿಯೂ ಹೌದು. ‘ಅಳಿಯ’ ಹುಟ್ಟಿನಿಂದಲೂ ಅಳಿಯ, ಮಗಳ ಕೊರಳಿಗೆ ತಾಳಿ ಕಟ್ಟಿದ ಮೇಲೂ ಅಳಿಯ. ಈ ಪದಗಳಲ್ಲಿ ನಡೆದ ಮದುವೆಗಳ ಜೊತೆ ನಡೆಯಬಹುದಾದ ಮದುವೆಗಳೂ ಇವೆ. ಒಗಟಿನ ಅಧ್ಯಾಯದ ಹೆಸರು ‘ರಕ್ತಸಂಬಂಧ’. ಆದರೂ ಅದರೊಳಗೆ ಗಂಡ-ಹೆಂಡತಿ, ಅತ್ತೆ-ಸೊಸೆಯರು ರಕ್ತದ ಹಂಗಿಲ್ಲದೆ ಓಡಾಡುತ್ತಿರುತ್ತಾರೆ. ನಮ್ಮ ಕಡೆಯವರು ಇದಕ್ಕೆ ರಕ್ತ ಎನ್ನುವುದಿಲ್ಲ, ಕಳ್ಳುಬಳ್ಳಿ ಎನ್ನುತ್ತಾರೆ. ಕಳ್ಳು ಎಂದರೆ ಕರುಳು.

ಮರ ಮತ್ತು ಬಳ್ಳಿಯ ಈ ಭೇದ ಎಂಜಿನಿಯರನಿಗೆ ಬರೀ ಅಲಂಕಾರವಲ್ಲ. ಗ್ರಾಫ್ ಥಿಯರಿಯಲ್ಲಿ ಮರಕ್ಕೆ ಖಚಿತ ಲಕ್ಷಣವಿದೆ: ಯಾವ ಎರಡು ಗಂಟುಗಳ ನಡುವೆಯೂ ದಾರಿ ಒಂದೇ. ದಂಪತಿಯನ್ನು ಒಂದು ಗಂಟು ಎಂದು ಹಿಡಿದರೆ ಪರೀಕ್ಷೆಯ ಕುಟುಂಬಗಳು ಹೆಚ್ಚೂಕಡಿಮೆ ಎಲ್ಲವೂ ಮರಗಳೇ. ದಾರಿ ಒಂದೇ ಇರುವುದರಿಂದ ಉತ್ತರವೂ ಒಂದೇ. ಅಲ್ಲಿ ಎರಡನೆಯ ಮದುವೆ ಇಲ್ಲ, ದತ್ತು ಇಲ್ಲ, ಮಲತಾಯಿ ಇಲ್ಲ. ಬಳ್ಳಿ ಹಾಗಲ್ಲ. ಅದು ಹಬ್ಬಿ, ತಿರುಗಿ, ತನ್ನನ್ನೇ ಸುತ್ತಿಕೊಳ್ಳುತ್ತದೆ.

ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ಅವ್ವನ ತಮ್ಮನಿಗೆ ಅಕ್ಕನನ್ನು ಕೊಟ್ಟರು. ಹಾಗಾಗಿ ಪುಣೆಗೆ ಬಂದ ಈ ಹುಡುಗ ನನಗೆ ಅಕ್ಕನ ಮಗ, ಮಾವನ ಮಗನೂ ಹೌದು. ಅವ್ವನಿಗೆ ಅವನು ಮಗಳ ಮಗ, ತಮ್ಮನ ಮಗನೂ ಹೌದು. ಪರೀಕ್ಷೆಯ ಭಾಷೆಯಲ್ಲಿ ಕೇಳಿ: ತಾಯಿಯ ತಮ್ಮನ ಹೆಂಡತಿ ಏನಾಗಬೇಕು? ಅತ್ತೆ. ಆದರೆ ನನಗೆ ಆಕೆ ಅಕ್ಕ. ಎರಡೂ ಸರಿ. ಒಂದು ಪ್ರಶ್ನೆಗೆ ಎರಡು ಸರಿಯುತ್ತರ ಬಂದರೆ ಪರೀಕ್ಷೆ ನಡೆಸುವವರು ಪ್ರಶ್ನೆಯನ್ನೇ ರದ್ದು ಮಾಡುತ್ತಾರೆ. ನಮ್ಮ ಮನೆ ಅಂಥ ಒಂದು ರದ್ದಾದ ಪ್ರಶ್ನೆ.

ಇದನ್ನು ಹಾಡಿ ಹೊಗಳುವುದಕ್ಕೆ ಹೇಳುತ್ತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆ ಇಂಥ ಮದುವೆಗಳನ್ನು ನಿಷಿದ್ಧ ಸಂಬಂಧಗಳಲ್ಲಿ ಸೇರಿಸಿ, ರೂಢಿ ಇದ್ದಲ್ಲಿ ಮಾತ್ರ ವಿನಾಯಿತಿ ಕೊಟ್ಟಿತು. ಹುಟ್ಟುವ ಮಕ್ಕಳ ಆರೋಗ್ಯದ ಬಗ್ಗೆ ವೈದ್ಯರು ಹೇಳುವ ಎಚ್ಚರಿಕೆ ನಿಜ. ಅಕ್ಕನ ಒಪ್ಪಿಗೆಯನ್ನು ಆಗ ಯಾರೂ ಸರಿಯಾಗಿ ಕೇಳಲಿಲ್ಲ ಎಂಬುದೂ ನಿಜ. ನನ್ನ ಮಗಳ ಕಾಲಕ್ಕೆ ಈ ಬಳ್ಳಿ ಮರವೇ ಆಗಬಹುದು; ಆದರೆ ಚಿಂತೆಯಿಲ್ಲ. ಆದರೂ ಭಾಷೆಯೊಂದು ತಲೆಮಾರುಗಳಿಂದ ಲೆಕ್ಕ ಹಾಕಿ ಇಟ್ಟ ವಿವೇಕವನ್ನು ಅನುವಾದ ಅಳಿಸಿಹಾಕಬೇಕಿಲ್ಲ.

ಉತ್ತರವಿಲ್ಲದ ಸಂಬಂಧದ ಒಗಟು ನಮ್ಮಲ್ಲಿ ಹಳೆಯದು. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಬೇತಾಳ ಹೇಳುವ ಕಥೆಗಳ ಕೊನೆಗೆ ಅದು ಬರುತ್ತದೆ. ತಂದೆ-ಮಗ ಕಾಡಿನಲ್ಲಿ ಇಬ್ಬರು ಹೆಂಗಸರ ಹೆಜ್ಜೆಗುರುತು ನೋಡುತ್ತಾರೆ. ದೊಡ್ಡ ಹೆಜ್ಜೆಯವಳನ್ನು ತಂದೆ, ಚಿಕ್ಕ ಹೆಜ್ಜೆಯವಳನ್ನು ಮಗ ಮದುವೆಯಾಗುವುದೆಂದು ಮಾತಾಗುತ್ತದೆ. ಸಿಕ್ಕ ಮೇಲೆ ನೋಡಿದರೆ ಅವರು ತಾಯಿ-ಮಗಳು, ದೊಡ್ಡ ಪಾದ ಮಗಳದು. ಕೊಟ್ಟ ಮಾತಿನಂತೆ ತಂದೆ ಮಗಳನ್ನು, ಮಗ ತಾಯಿಯನ್ನು ಮದುವೆಯಾದರು. ಇವರಿಗೆ ಹುಟ್ಟಿದ ಮಕ್ಕಳು ಪರಸ್ಪರ ಏನಾಗಬೇಕು? ಗೊತ್ತಿದ್ದೂ ಹೇಳದಿದ್ದರೆ ತಲೆ ಹೋಳಾಗುತ್ತದೆ ಎಂಬ ಷರತ್ತಿತ್ತು. ಅಲ್ಲಿಯವರೆಗೆ ಎಲ್ಲಕ್ಕೂ ಉತ್ತರ ಕೊಟ್ಟ ರಾಜ ಇಲ್ಲಿ ಸುಮ್ಮನಾದ. ಬೇತಾಳ ಆ ಮೌನಕ್ಕೇ ಒಲಿದ.

‘ನಿರ್ಧರಿಸಲಾಗದು’ ಎಂಬ ಪರೀಕ್ಷೆಯ ಉತ್ತರಕ್ಕೂ ಈ ಮೌನಕ್ಕೂ ವ್ಯತ್ಯಾಸವಿದೆ. ಪರೀಕ್ಷೆಯಲ್ಲಿ ಮಾಹಿತಿ ಸಾಲದು. ಬೇತಾಳನ ಕಥೆಯಲ್ಲಿ ಮಾಹಿತಿ ಎಲ್ಲವೂ ಇದೆ, ಇಲ್ಲದಿರುವುದು ಹೆಸರು. ನಮ್ಮ ಮನೆಯಲ್ಲಿ ಮಾಹಿತಿಯೂ ಇತ್ತು, ಹೆಸರುಗಳು ಎರಡೆರಡು ಇದ್ದವು. ಯಾವುದನ್ನು ಇಟ್ಟುಕೊಳ್ಳುವುದು ಎಂದು ತೀರ್ಮಾನ ಮಾಡಬೇಕಿತ್ತು. ಮಾಡಿದರು. ಅಕ್ಕ ನನಗೆ ಅತ್ತೆಯಾಗಲಿಲ್ಲ, ಅಕ್ಕನೇ ಉಳಿದಳು. ಮಾವ ಭಾವನಾಗಲಿಲ್ಲ, ಮಾವನೇ ಉಳಿದ. ಹುಡುಗ ನನಗೆ ಅಳಿಯನಾದ. ಇದನ್ನು ತರ್ಕ ತೀರ್ಮಾನಿಸಲಿಲ್ಲ; ಯಾರು ಯಾರನ್ನು ಎತ್ತಿ ಆಡಿಸಿದರು ಎಂಬುದು ತೀರ್ಮಾನಿಸಿತು.

ಕನ್ನಡದಲ್ಲಿ ಸಂಬಂಧ ಕೇಳುವ ಮಾತೇ ಹಾಗಿದೆ. ಇಂಗ್ಲಿಷಿನವರು ಏನು ಸಂಬಂಧ ‘ಇದೆ’ ಎಂದು ಕೇಳುತ್ತಾರೆ. ನಾವು ‘ಅವರು ನಿಮಗೆ ಏನಾಗಬೇಕು?’ ಎನ್ನುತ್ತೇವೆ. ಆ ‘ಬೇಕು’ ಬರೀ ವ್ಯಾಕರಣವೇ ಇರಬಹುದು. ನನಗೆ ಮಾತ್ರ ಅದರಲ್ಲಿ ಹೊಣೆಯ ಸದ್ದು ಕೇಳಿಸುತ್ತದೆ. ಸೋದರಮಾವ ಎಂದರೆ ಜವಳದ ದಿನ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು. ನನ್ನ ಜವಳದಲ್ಲಿ ನನ್ನನ್ನು ಕೂರಿಸಿಕೊಂಡವನು ಈ ಹುಡುಗನ ಅಪ್ಪ. ಇವನ ಜವಳದಲ್ಲಿ ಇವನನ್ನು ಕೂರಿಸಿಕೊಂಡವನು ನಾನು. ‘ಚಿಕ್ಕಪ್ಪ’ ಎಂದು ಗುರುತು ಹಾಕಲು ಅವನ ಕೈ ಬರದಿದ್ದರೆ ಅದು ಬುದ್ಧಿಯ ಕೊರತೆಯಲ್ಲ.

ಆಗಬೇಕಾದ್ದು ದೊಡ್ಡದೇನಲ್ಲ. ಇಂಥ ಪ್ರಶ್ನೆಗಳನ್ನು ಅನುವಾದಿಸಬಾರದು, ಕನ್ನಡದಲ್ಲೇ ಕಟ್ಟಬೇಕು. ಉದಾಹರಣೆಗೆ: ಒಬ್ಬಾಕೆ ಒಬ್ಬನನ್ನು ‘ಮಾವ’ ಎನ್ನುತ್ತಾಳೆ, ಆಕೆಯ ತಾಯಿ ಅವನನ್ನು ‘ತಮ್ಮ’ ಎನ್ನುತ್ತಾಳೆ, ಆಕೆಯ ಗಂಡ ‘ಅಪ್ಪ’ ಎನ್ನುತ್ತಾನೆ. ಮದುವೆಗೆ ಮುಂಚೆ ಆ ಗಂಡ ಆಕೆಯ ತಾಯಿಗೆ ಏನಾಗಬೇಕಿತ್ತು? ಉತ್ತರ ಅಳಿಯ, ಈಗಲೂ ಅಳಿಯನೇ. ಷಡ್ಡಕ, ನೆಗೆಣ್ಣಿ, ಬೀಗರು ಎಂಬ ಪದಗಳಲ್ಲಿ ಇಂಥ ಎಷ್ಟೋ ಒಗಟುಗಳು ಕಾದಿವೆ. ಇಷ್ಟೂ ಆಗದಿದ್ದರೆ, ತಾಯಿಯ ತಮ್ಮನಿಗೆ ‘ಸೋದರಮಾವ’ ಎಂಬ ಒಂದು ಆಯ್ಕೆಯನ್ನಾದರೂ ಕೊಡಲಿ.

ಹುಡುಗ ಊರಿಗೆ ಹೊರಟ ದಿನ ಬಸ್ ನಿಲ್ದ್ದಾಣದಲ್ಲಿ ಕೇಳಿದ, “ಪರೀಕ್ಷೆದಾಗ ಸಂಬಂಧದ್ದು ಬಂದ್ರ ಏನ್ ಮಾಡ್ಲಿ ಮಾಮಾ?” ಇಷ್ಟೆಲ್ಲ ಯೋಚಿಸಿದ್ದ ನಾನು ಹೇಳಿದ್ದು ಒಂದೇ ಮಾತು: ಇಂಗ್ಲಿಷಿನ ಗುಂಡಿ ಒತ್ತು. ಬಸ್ಸು ಹೋದ ಮೇಲೆ ಬಹಳ ಹೊತ್ತು ಆ ಮಾತು ನನಗೇ ಚುಚ್ಚುತ್ತಿತ್ತು.